ಹಾರುಬೂದಿ ಬೆರೆಸಿದ ಕಾಂಕ್ರೀಟ್: ಕಲಬುರಗಿಯ ಬಿಸಿಲಿನಲ್ಲಿ ಮನೆ ಕಟ್ಟಿಸಿ ಕಂಡದ್ದು

ಕಲಬುರಗಿಯ ರಿಂಗ್ ರಸ್ತೆಗೆ ಹತ್ತಿರದ ಬಡಾವಣೆಯೊಂದರಲ್ಲಿ ನಾವು ಕಟ್ಟಿಸುತ್ತಿರುವ ಮನೆಯ ನೆಲಮಹಡಿ ಈಗ ಪೂರ್ಣಗೊಂಡಿದೆ. ಬುನಾದಿಯ ಫೂಟಿಂಗ್‌ನಿಂದ ಹಿಡಿದು ಛಾವಣಿಯ ಸ್ಲ್ಯಾಬಿನವರೆಗೆ ಅದರ ಎಲ್ಲ ಕಾಂಕ್ರೀಟಿನಲ್ಲೂ ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಹಾರುಬೂದಿಯನ್ನು ಬಳಸಲಾಗಿದೆ. ಫೂಟಿಂಗ್‌ಗಳಿಗೂ ಸ್ಲ್ಯಾಬಿಗೂ ರೆಡಿಮಿಕ್ಸ್ ಘಟಕದಿಂದ ಕಾಂಕ್ರೀಟ್ ತರಿಸಿದೆವು. ಕಂಬಗಳಿಗೆ, ಲಿಂಟಲ್‌ಗಳಿಗೆ, ಗಿಲಾವಿಗೆ ಮಾತ್ರ ಪಿಪಿಸಿ (ಕಾರ್ಖಾನೆಯಲ್ಲೇ ಹಾರುಬೂದಿ ಬೆರೆಸಿದ) ಸಿಮೆಂಟಿನ ಚೀಲ ತಂದು ಸ್ಥಳದಲ್ಲೇ ಕಲಸಿದೆವು. ಡಿಸೆಂಬರಿನಲ್ಲಿ ಬುನಾದಿ ಹಾಕಿ, ಏಪ್ರಿಲ್‌ನಲ್ಲಿ ಸ್ಲ್ಯಾಬ್ ಸುರಿದು, ಒಂದು ಮಳೆಗಾಲವನ್ನೂ ಅದರ ಕೆಳಗೆ ಕಳೆದ ಮೇಲೆ ಈ ವಸ್ತುವಿನ ಗುಣದೋಷಗಳನ್ನು ಬರೆಯುತ್ತಿದ್ದೇನೆ. ನಾನು ಇಂಜಿನಿಯರ್ ಅಲ್ಲ. ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಆದ್ದರಿಂದ ಮನೆಯ ನಕ್ಷೆ ಮತ್ತು ಕಬ್ಬಿಣದ ಲೆಕ್ಕವನ್ನು ಸ್ಟ್ರಕ್ಚರಲ್ ಇಂಜಿನಿಯರಿಗೆ ಬಿಟ್ಟು, ಕಾಂಕ್ರೀಟಿನೊಳಗೆ ಏನು ಬೀಳುತ್ತದೆ, ಬಿದ್ದದ್ದಕ್ಕೆ ಏನಾಗುತ್ತದೆ ಎಂಬುದರ ಮೇಲೆ ಮಾತ್ರ ಕಣ್ಣಿಟ್ಟಿದ್ದೆ.

ಮೊದಲ ಆಕ್ಷೇಪ ಬಂದದ್ದು ನಮ್ಮ ಗೌಂಡಿಯವರಿಂದ. "ಬೂದಿ ಕಲಸಿದ್ ಸಿಮಿಟಿಗಿ ತಾಕತ್ ಎಲ್ಲಿಂದ ಬರ್ತದ್ರೀ ಮೇಡಂ? ಪಾತ್ರಿ ತಿಕ್ಕೋ ಬೂದಿ ಹಾಕಿ ಮನಿ ಕಟ್ಟಿದ್ರ ನಾಳಿ ಕೆಟ್ಟ ಹೆಸರು ನನಗೇ ಬರ್ತದ" ಎಂದರು. ಅವರ ಅನುಮಾನವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ, ಏಕೆಂದರೆ ನಮ್ಮ ಜಿಲ್ಲೆ ಸಿಮೆಂಟಿನ ಜಿಲ್ಲೆ. ವಾಡಿ, ಮಳಖೇಡ, ಸೇಡಂ, ಚಿತ್ತಾಪುರಗಳ ಸುತ್ತ ನೆಲದಡಿಯಲ್ಲಿ ಸುಣ್ಣದ ಕಲ್ಲೇ ಹಾಸಿಕೊಂಡಿದೆ. ಸುಣ್ಣದ ಕಲ್ಲಿನ ಮೇಲೆ ಕುಳಿತವರು ಸಿಮೆಂಟನ್ನು ಕಡಿಮೆ ಮಾಡಿ ಬೂದಿ ಏಕೆ ಹಾಕಬೇಕು ಎಂಬ ಪ್ರಶ್ನೆ ಇಲ್ಲಿ ಯಾರಿಗಾದರೂ ಬರುತ್ತದೆ.

ಒಲೆಯ ಬೂದಿಗೂ ಹಾರುಬೂದಿಗೂ ಹೆಸರಿನಲ್ಲಷ್ಟೇ ಸಂಬಂಧ. ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳಲ್ಲಿ ಕಲ್ಲಿದ್ದಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಉರಿಸುತ್ತಾರೆ. ಕಲ್ಲಿದ್ದಲಿನಲ್ಲಿದ್ದ ಮಣ್ಣಿನಂಶ ಆ ಉರಿಯಲ್ಲಿ ಕರಗಿ, ಹೊಗೆಯೊಂದಿಗೆ ಮೇಲೇರುತ್ತ ತಟ್ಟನೆ ತಣಿದು, ಗಾಜಿನಂಥ ಅತಿ ಸಣ್ಣ ಗುಂಡುಗಳಾಗುತ್ತದೆ. ಚಿಮಣಿ ಸೇರುವ ಮೊದಲೇ ವಿದ್ಯುತ್ ಕ್ಷೇತ್ರದ ಸಹಾಯದಿಂದ ಅವನ್ನು ಹಿಡಿದು ಸಂಗ್ರಹಿಸುತ್ತಾರೆ, ಇದೇ ಹಾರುಬೂದಿ. ಕುಲುಮೆಯ ತಳಕ್ಕೆ ಬೀಳುವ ಒರಟು ಬೂದಿ ಬೇರೆ, ನೀರಿನೊಂದಿಗೆ ಕೊಳಕ್ಕೆ ಬಿಟ್ಟ ಬೂದಿ ಇನ್ನೂ ಬೇರೆ. ಇವೆರಡನ್ನು ಸಿಮೆಂಟಿನ ಬದಲಿಗೆ ಬಳಸುವಂತಿಲ್ಲ. ನಮ್ಮ ಸುತ್ತ ಇಂಥ ಬೂದಿಗೆ ಬರವಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವಾಟ್, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟ್, ಗಡಿಯಾಚೆ ಸೊಲ್ಲಾಪುರದಲ್ಲಿ 1320 ಮೆಗಾವಾಟ್ ಸಾಮರ್ಥ್ಯದ ಕೇಂದ್ರಗಳಿವೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶವೇ ಹೆಚ್ಚು. ದೇಶದಲ್ಲಿ ವರ್ಷಕ್ಕೆ 25 ಕೋಟಿ ಟನ್‌ಗೂ ಮೀರಿ ಇದು ಹುಟ್ಟುತ್ತಿದೆ. ಬಳಸದೆ ಉಳಿದರೆ ಅದು ಕೊಳಗಳಲ್ಲಿ ನಿಂತು, ಬೇಸಿಗೆಯ ಗಾಳಿಗೆ ಎದ್ದು, ಸುತ್ತಲಿನ ಊರುಗಳ ಹೊಲಕ್ಕೂ ಜನರ ಉಸಿರಿಗೂ ಸೇರುತ್ತದೆ.

ಗೌಂಡಿಯವರಿಗೆ ನಾನು ಕೊಟ್ಟ ಉತ್ತರ ರಸಾಯನಶಾಸ್ತ್ರದ್ದು, ಆದರೆ ಅವರಿಗೆ ಗೊತ್ತಿದ್ದ ಮಾತುಗಳಲ್ಲಿ ಹೇಳಲು ಪ್ರಯತ್ನಿಸಿದೆ. ಸಿಮೆಂಟು ನೀರಿನೊಂದಿಗೆ ಸೇರಿದಾಗ ಎರಡು ಪದಾರ್ಥಗಳು ಮುಖ್ಯವಾಗಿ ಹುಟ್ಟುತ್ತವೆ. ಒಂದು, ಖಡಿ ಮತ್ತು ಉಸುಕನ್ನು ಅಂಟಿಸಿ ಹಿಡಿಯುವ ಕ್ಯಾಲ್ಸಿಯಂ ಸಿಲಿಕೇಟಿನ ಅಂಟು. ಇನ್ನೊಂದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ. ಪೂರ್ಣವಾಗಿ ಗಟ್ಟಿಯಾದ ಸಿಮೆಂಟಿನ ಪಾಕದಲ್ಲಿ ಈ ಸುಣ್ಣ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದವರೆಗೆ ಇರುತ್ತದೆ. ಅದು ಬಲಕ್ಕೆ ಹೆಚ್ಚೇನೂ ನೆರವಾಗುವುದಿಲ್ಲ. ನೀರು ಒಳಹೊಕ್ಕರೆ ನಿಧಾನವಾಗಿ ಕರಗಿ ಹೊರಬಂದು ಗೋಡೆಯ ಮೇಲೆ ಬಿಳಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಹಾರುಬೂದಿಯಲ್ಲಿರುವ ಸಿಲಿಕಾ ಈ ಸುಣ್ಣವನ್ನು ಹಿಡಿದು ಮತ್ತೆ ಅದೇ ಅಂಟನ್ನು ಕಟ್ಟುತ್ತದೆ. ಹೀಗೆ ಹೊಸದಾಗಿ ಹುಟ್ಟಿದ ಅಂಟು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳನ್ನು ತುಂಬುವುದರಿಂದ ನೀರು, ಉಪ್ಪು, ಸಲ್ಫೇಟ್‌ಗಳ ದಾರಿ ಕಿರಿದಾಗುತ್ತದೆ. ಆದರೆ ಈ ಎರಡನೆಯ ಕ್ರಿಯೆ ನಿಧಾನ. ಮೊದಲು ಸಿಮೆಂಟು ಸುಣ್ಣ ಬಿಡಬೇಕು, ಆಮೇಲೆ ಬೂದಿ ಅದನ್ನು ತೆಗೆದುಕೊಳ್ಳಬೇಕು, ಆ ವಾರಗಳುದ್ದಕ್ಕೂ ಒಳಗೆ ತೇವ ಇರಬೇಕು. ಈ ವಸ್ತುವಿನ ಒಳ್ಳೆಯದೂ ಕೆಟ್ಟದ್ದೂ ಎರಡೂ ಈ ನಿಧಾನದಿಂದಲೇ ಹುಟ್ಟುತ್ತವೆ.

ಇದು ಹೊಸ ವಿದ್ಯೆಯೂ ಅಲ್ಲ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಂದಿಗೆ ಅರೆದು ಮಾಡುವ ಸುರ್ಕಿ ಗಾರೆಯಲ್ಲಿ ನಡೆಯುವುದೂ ಇದೇ ಕ್ರಿಯೆ. ಕೃಷ್ಣರಾಜಸಾಗರ ಮತ್ತು ತುಂಗಭದ್ರಾ ಅಣೆಕಟ್ಟುಗಳ ಕಲ್ಲುಗಳನ್ನು ಹಿಡಿದು ನಿಲ್ಲಿಸಿರುವುದು ಸುರ್ಕಿ. ಹಾರುಬೂದಿಯನ್ನೇ ದೊಡ್ಡ ಪ್ರಮಾಣದಲ್ಲಿ ಬಳಸಿದ ಅಮೆರಿಕದ ಹಂಗ್ರಿ ಹಾರ್ಸ್ ಅಣೆಕಟ್ಟು 1953ರಲ್ಲೇ ಪೂರ್ಣಗೊಂಡಿತು. ಅಣೆಕಟ್ಟಿನ ಮಾತು ಕೇಳಿದ ಮೇಲೆ ಗೌಂಡಿಯವರು ಸ್ವಲ್ಪ ಮೆತ್ತಗಾದರು. ಅವರ ಅಜ್ಜ ಗಾರೆ ಅರೆಯುವ ಗಾಣದ ಕೆಲಸ ಮಾಡಿದವರಂತೆ. ಸುರ್ಕಿ ಎಂಬ ಪದ ಅವರ ಮನೆಯಲ್ಲೇ ಇತ್ತು.

ಈಗ ಮಿಶ್ರಣದ ವಿವರ. ಎಂ 25 ದರ್ಜೆಯ (ಇಪ್ಪತ್ತೆಂಟನೆಯ ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಬಲ ಬರಬೇಕಾದ) ಕಾಂಕ್ರೀಟಿಗೆ ಇಂಜಿನಿಯರ್ ಒಪ್ಪಿದ ಪ್ರಮಾಣ, ಒಂದು ಘನಮೀಟರಿಗೆ 270 ಕಿ.ಗ್ರಾಂ. 53 ದರ್ಜೆಯ ಒಪಿಸಿ (ಬೂದಿ ಬೆರೆಸದ ಸಾಮಾನ್ಯ) ಸಿಮೆಂಟು, 90 ಕಿ.ಗ್ರಾಂ. ಹಾರುಬೂದಿ, 162 ಲೀಟರ್ ನೀರು ಮತ್ತು ನೀರಿನ ಅಗತ್ಯವನ್ನು ತಗ್ಗಿಸುವ ರಾಸಾಯನಿಕ. ಅಂದರೆ ಒಟ್ಟು 360 ಕಿ.ಗ್ರಾಂ. ಬಂಧಕದಲ್ಲಿ ನಾಲ್ಕನೆಯ ಒಂದು ಭಾಗ ಬೂದಿ, ನೀರು ಮತ್ತು ಬಂಧಕದ ಅನುಪಾತ 0.45. ಬೂದಿಯಿಲ್ಲದೆ ಮಾಡಿದ್ದರೆ ಸುಮಾರು 330 ಕಿ.ಗ್ರಾಂ. ಸಿಮೆಂಟು ಸಾಕಾಗುತ್ತಿತ್ತು; ಬೂದಿ ಸೇರಿಸುವಾಗ ಒಟ್ಟು ಬಂಧಕವನ್ನು ಹತ್ತು ಪ್ರತಿಶತದಷ್ಟು ಏರಿಸುವುದು ರೂಢಿ. ಆದ್ದರಿಂದ ನಿಜವಾದ ಉಳಿತಾಯ ಘನಮೀಟರಿಗೆ 90 ಕಿ.ಗ್ರಾಂ. ಅಲ್ಲ, 60 ಕಿ.ಗ್ರಾಂ. ಇದನ್ನು ಸ್ಪಷ್ಟವಾಗಿ ಬರೆಯುತ್ತಿರುವುದು ಏಕೆಂದರೆ, "ಕಾಲು ಭಾಗ ಸಿಮೆಂಟು ಉಳಿಯುತ್ತದೆ" ಎಂದು ಮಾರಾಟದವರು ಹೇಳುವ ಮಾತನ್ನು ನಾನೂ ಮೊದಲು ನಂಬಿದ್ದೆ.

ಡಿಸೆಂಬರಿನ ಬುನಾದಿಯ ಬಗ್ಗೆ ಹೇಳುವುದು ಕಡಿಮೆ. ತಂಪು ಹವೆಯಲ್ಲಿ ಎಲ್ಲವೂ ಸುಗಮವಾಗಿ ನಡೆಯಿತು. ನಮ್ಮದು ಕಪ್ಪು ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನ ಚಲನೆಗೆ ಹಾರುಬೂದಿಯಾಗಲಿ ಬೇರೆ ಯಾವ ಸಿಮೆಂಟಾಗಲಿ ಮದ್ದಲ್ಲ. ಅದಕ್ಕೆ ಗಟ್ಟಿ ನೆಲ ಸಿಗುವವರೆಗೆ ಅಗೆದು ಇಳಿಯುವುದು, ಮುರ್ರಂ ತುಂಬುವುದು, ಪ್ಲಿಂತ್ ಬೀಮ್ ಕಟ್ಟುವುದು ಇವೇ ದಾರಿ. ಬೂದಿಯ ಪ್ರಯೋಜನ ಅಲ್ಲಿ ಬೇರೆ ಬಗೆಯದು: ನಮ್ಮ ಬೋರ್‌ವೆಲ್ ನೀರನ್ನು ಕಾಯಿಸಿದರೆ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ, ಅಷ್ಟು ಲವಣ ಅದರಲ್ಲಿದೆ. ಅಂಥ ನೆಲದೊಳಗೆ ಶಾಶ್ವತವಾಗಿ ಹುದುಗಿರುವ ಕಾಂಕ್ರೀಟಿಗೆ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುವುದು ದೊಡ್ಡ ಲಾಭ. ಕಲಸುವ ನೀರನ್ನೂ ಪರೀಕ್ಷೆಗೆ ಕೊಟ್ಟಿದ್ದೆವು. ಕಬ್ಬಿಣವಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎಂದು ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಹೇಳುತ್ತದೆ. ನಮ್ಮ ನೀರು ಆ ಮಿತಿಯೊಳಗಿತ್ತು.

ಏಪ್ರಿಲ್‌ನ ಸ್ಲ್ಯಾಬ್ ಬೇರೆಯೇ ಕಥೆ. 130 ಚದರ ಮೀಟರ್ ವಿಸ್ತಾರಕ್ಕೆ ಬೀಮುಗಳೂ ಸೇರಿ 22 ಘನಮೀಟರ್ ಕಾಂಕ್ರೀಟು ಬೇಕಿತ್ತು, ನಾಲ್ಕು ಲಾರಿ. ಬೆಳಗಿನ ಐದಕ್ಕೆ ಆರಂಭಿಸಿ ಬಿಸಿಲೇರುವ ಮೊದಲು ಮುಗಿಸುವುದು ನಮ್ಮ ಯೋಜನೆಯಾಗಿತ್ತು. ಘಟಕದ ಮೊದಲ ಲಾರಿ ಬಂದದ್ದು ಏಳೂವರೆಗೆ. ಅದರ ಚೀಟಿಯಲ್ಲಿ "ಎಂ 25" ಎಂದಷ್ಟೇ ಇತ್ತು. ಎಷ್ಟು ಸಿಮೆಂಟು, ಎಷ್ಟು ಬೂದಿ, ಎಷ್ಟು ಹೊತ್ತಿಗೆ ತುಂಬಿಸಿದ್ದು ಎಂಬ ಯಾವ ವಿವರವೂ ಇರಲಿಲ್ಲ. ಆ ಲಾರಿಯನ್ನು ಗೇಟಿನ ಹೊರಗೇ ನಿಲ್ಲಿಸಿ ಘಟಕಕ್ಕೆ ಫೋನ್ ಮಾಡಿ, ತೂಕದ ಯಂತ್ರದ ಮುದ್ರಿತ ವಿವರ ನಮ್ಮ ಮೊಬೈಲಿಗೆ ಬಂದ ಮೇಲಷ್ಟೇ ಸುರಿಯಲು ಬಿಟ್ಟೆವು. ಆ ಹೊತ್ತಿಗೆ ಮಾಲು ಗಟ್ಟಿಯಾಗುತ್ತಿದೆ ಎಂದು ಚಾಲಕರು, "ಒಂದೆರಡ್ ಕ್ಯಾನ್ ನೀರ್ ಬಿಟ್ರ ಸರಾಗ ಇಳೀತದ್ರೀ" ಎಂದು ಪೈಪಿಗೆ ಕೈ ಹಾಕಿದರು. ಇದನ್ನು ಯಾರೂ ಒಪ್ಪಬಾರದು. ಅಳತೆಯಿಲ್ಲದ ನೀರು ಬಿದ್ದ ಕೂಡಲೇ 0.45 ಎಂಬ ಅನುಪಾತಕ್ಕೆ ಅರ್ಥ ಉಳಿಯುವುದಿಲ್ಲ. ಬೂದಿಯಿಂದ ಬರಬೇಕಿದ್ದ ಬಿಗುವು ಆ ಹೆಚ್ಚುವರಿ ನೀರು ಬಿಟ್ಟುಹೋಗುವ ರಂಧ್ರಗಳಲ್ಲೇ ಸೋರಿಹೋಗುತ್ತದೆ. ಘಟಕದ ತಂತ್ರಜ್ಞರು ಬಂದು ಅಳೆದ ಪ್ರಮಾಣದ ರಾಸಾಯನಿಕ ಹಾಕಿ ತಿರುಗಿಸಿದ ಮೇಲೆ ಅದೇ ಮಾಲು ಸರಾಗವಾಗಿ ಇಳಿಯಿತು. ತುಂಬಿಸಿದ ಎರಡು ಗಂಟೆಯೊಳಗೆ ಲಾರಿ ಖಾಲಿಯಾಗಬೇಕೆಂಬ ನಿಯಮ ರೆಡಿಮಿಕ್ಸ್ ಮಾನಕದಲ್ಲೇ ಇದೆ. ಉಳಿದ ಮೂರು ಲಾರಿಗಳು ಅದನ್ನು ಪಾಲಿಸಿದವು ಎಂಬುದನ್ನೂ ಹೇಳಬೇಕು.

ಹಸಿ ಕಾಂಕ್ರೀಟಿನ ಗುಣಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಬೂದಿಯ ಕಣಗಳು ಗುಂಡಗಿರುವುದರಿಂದ ಒಂದರ ಮೇಲೊಂದು ಉರುಳಿ ಮಾಲು ಕಡಿಮೆ ನೀರಿನಲ್ಲೂ ಹರಿಯುತ್ತದೆ. ಬೂದಿ ಸಿಮೆಂಟಿಗಿಂತ ಹಗುರ; ಸಿಮೆಂಟಿನ ಸಾಪೇಕ್ಷ ಸಾಂದ್ರತೆ 3.15 ಆದರೆ ಹಾರುಬೂದಿಯದು ಸುಮಾರು 2.2. ಹಾಗಾಗಿ ಅದೇ ತೂಕದ ಬೂದಿ ಹೆಚ್ಚು ಜಾಗ ತುಂಬಿ ಪಾಕವನ್ನು ಸಮೃದ್ಧಗೊಳಿಸುತ್ತದೆ. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡಿನ ಒರಟುತನವೂ ಇದರಿಂದ ಮರೆಯಾಯಿತು. ಬೀಮುಗಳು ಕಂಬಗಳನ್ನು ಸೇರುವ ಕಡೆ, ಕಬ್ಬಿಣ ದಟ್ಟವಾಗಿದ್ದ ಇಕ್ಕಟ್ಟಿನಲ್ಲಿ ವೈಬ್ರೇಟರ್ ಇಳಿಸಿದಾಗ ಮಾಲು ತಾನಾಗಿ ಹರಿದು ಮೂಲೆ ತುಂಬಿತು. "ಮೇಡಂ, ಮಾಲು ಬೆಣ್ಣಿ ಹಾಂಗ ಅದ್ರೀ" ಎಂದು ಗೌಂಡಿಯವರೇ ಕರೆದು ತೋರಿಸಿದರು. ಸೆಂಟ್ರಿಂಗ್ (ಹಸಿ ಕಾಂಕ್ರೀಟನ್ನು ಹೊತ್ತಿದ್ದ ಹಲಗೆ, ಆಸರೆಗಳು) ಬಿಚ್ಚಿದ ಮೇಲೆ ನೋಡಿದರೆ ಸ್ಲ್ಯಾಬಿನ ಅಡಿಮುಖದಲ್ಲಿ ಜೇನುಗೂಡಿನಂಥ ತೂತುಗಳು ಒಂದೇ ಒಂದು ಕಡೆ, ಅದೂ ಅಂಗೈಯಗಲದಷ್ಟು ಇದ್ದವು.

ಆದರೆ ಆ ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸ್ಲ್ಯಾಬಿನ ಪಶ್ಚಿಮದ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಂಡವು. ನನ್ನ ಎದೆ ಧಸಕ್ಕೆಂದಿತು. ಕಾರಣ ಇಷ್ಟು: ಬೂದಿ ಬೆರೆತ, ಕಡಿಮೆ ನೀರಿನ ಕಾಂಕ್ರೀಟಿನಲ್ಲಿ ಮೇಲ್ಮೈಗೆ ಉಕ್ಕಿಬರುವ ನೀರು ಸ್ವಲ್ಪವೇ. ನಮ್ಮ ಏಪ್ರಿಲ್‌ನ ಒಣ ಗಾಳಿ, ನಲವತ್ತು ಡಿಗ್ರಿ ದಾಟಿದ ಬಿಸಿಲು ಅದನ್ನು ಉಕ್ಕುವುದಕ್ಕಿಂತ ಬೇಗ ಹೀರಿಬಿಡುತ್ತವೆ. ಆಗ ಇನ್ನೂ ಗಟ್ಟಿಯಾಗದ ಮೇಲ್ಪದರ ಕುಗ್ಗಿ ಸೀಳುತ್ತದೆ. ಅದೃಷ್ಟಕ್ಕೆ ಮಾಲು ಇನ್ನೂ ಮೆತ್ತಗಿತ್ತು. ಗೌಂಡಿಯವರು ಮತ್ತೊಮ್ಮೆ ಮರದ ಹಲಗೆ ತೀಡಿ ಬಿರುಕುಗಳನ್ನು ಮುಚ್ಚಿದರು, ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ ಅದರ ಮೇಲೆ ಗೋಣಿತಟ್ಟು ಹಾಸಿದೆವು. ಹಾಳೆಗಳನ್ನು ಮುಂಚೆಯೇ ತಂದು ಮಡಚಿ ಇಟ್ಟಿದ್ದರಿಂದ ಇದು ಸಾಧ್ಯವಾಯಿತು. ಪೇಟೆಗೆ ಹೋಗಿ ತರುವಷ್ಟು ಸಮಯ ಆ ಬಿಸಿಲಿನಲ್ಲಿ ಇರಲಿಲ್ಲ. ಬೇಸಿಗೆಯಲ್ಲಿ ಈ ಕಾಂಕ್ರೀಟು ಸುರಿಯುವವರು ಬೆಳಗಿನ ಜಾವದಲ್ಲೋ ಸಂಜೆಯ ನಂತರವೋ ಸುರಿಯಬೇಕು. ಘಟಕದವರು ಸಮಯಕ್ಕೆ ಬರುತ್ತೇವೆಂದು ಬರೆದುಕೊಡದಿದ್ದರೆ ಸಂಜೆಯೇ ಮೇಲು.

ಇನ್ನು ನೀರುಣಿಸುವ ವಿಚಾರ. ಈ ವಿಮರ್ಶೆಯನ್ನು ಬರೆಯಬೇಕೆನಿಸಿದ್ದೇ ಇದಕ್ಕಾಗಿ. ನಮ್ಮಲ್ಲಿ "ಏಳು ದಿನ ನೀರು ಹೊಡೆದರೆ ಆಯಿತು" ಎಂಬ ಮಾತು ಗಟ್ಟಿಯಾಗಿ ಬೇರೂರಿದೆ. ಏಳು ದಿನ ಎಂಬುದು ಬರೀ ಒಪಿಸಿ ಸಿಮೆಂಟಿಗೆ ಐಎಸ್ 456 ಹೇಳುವ ಕನಿಷ್ಠ. ಬೂದಿ ಬೆರೆತದ್ದಕ್ಕೆ ಕನಿಷ್ಠ ಹತ್ತು ದಿನ, ಸಾಧ್ಯವಾದರೆ ಹದಿನಾಲ್ಕು ದಿನ ಎಂದು ಅದೇ ಮಾನಕ ಶಿಫಾರಸು ಮಾಡುತ್ತದೆ. ಪಿಪಿಸಿ ಚೀಲ ತಂದು ಮನೆ ಕಟ್ಟುವ ಸಾವಿರಾರು ಜನರು ತಮಗೆ ತಿಳಿಯದೆಯೇ ಹಾರುಬೂದಿಯ ಕಾಂಕ್ರೀಟನ್ನು ಹಾಕುತ್ತಿದ್ದಾರೆ, ಒಪಿಸಿಯ ಲೆಕ್ಕದಲ್ಲಿ ನೀರು ನಿಲ್ಲಿಸುತ್ತಿದ್ದಾರೆ. ಆಮೇಲೆ ಗಿಲಾವು ಉದುರಿದರೆ, ಮೇಲ್ಮೈ ಪುಡಿಯಾದರೆ, ದೋಷ ಬೂದಿಯ ತಲೆಗೆ ಬರುತ್ತದೆ.

ನಾವು ಸ್ಲ್ಯಾಬಿನ ಮೇಲೆ ಗದ್ದೆಯಂತೆ ಮಡಿ ಕಟ್ಟಿ ಎರಡಂಗುಲ ನೀರು ನಿಲ್ಲಿಸಿದೆವು. ಮೊದಲ ತುಂಬುವಿಕೆಗೆ 6500 ಲೀಟರ್ ಬೇಕಾಯಿತು. ಪ್ರತಿದಿನ ಸಂಜೆ ಅಳೆದು ನೋಡಿದರೆ ನೀರಿನ ಮಟ್ಟ ಒಂದು ಸೆಂಟಿಮೀಟರಿನಷ್ಟು ಇಳಿದಿರುತ್ತಿತ್ತು, ಅಂದರೆ ದಿನಕ್ಕೆ 1300 ಲೀಟರ್ ಬಿಸಿಲಿನ ಪಾಲು. ಹದಿನಾಲ್ಕು ದಿನಗಳಿಗೆ ಒಟ್ಟು 23 ಸಾವಿರ ಲೀಟರ್ ಆಯಿತು. ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ಕೇರಿಗಳಿರುವ ಊರಿನಲ್ಲಿ ಇಷ್ಟು ನೀರನ್ನು ಛಾವಣಿಯ ಮೇಲೆ ಆರಲು ಬಿಡುವಾಗ ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ. ಎರಡನೆಯ ವಾರದಿಂದ ಮಡಿಗಳ ನೀರನ್ನು ಕಡಿಮೆ ಮಾಡಿ, ನೆನೆಸಿದ ಗೋಣಿತಟ್ಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚುಗಳಿಗೆ ಇಟ್ಟಿಗೆ ಇಟ್ಟಿದ್ದರೆ ಬಹುಪಾಲು ಉಳಿಯುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಕಾಂಕ್ರೀಟಿಗೆ ಬೇಕಾದದ್ದು ತೇವ ಆರದಿರುವುದು, ಕೆರೆಯಷ್ಟು ನೀರಲ್ಲ.

ಒಂದು ತಪ್ಪನ್ನು ಮುಚ್ಚಿಡುವುದಿಲ್ಲ. ಫೆಬ್ರವರಿಯಲ್ಲಿ ಕಂಬಗಳನ್ನು ಹಾಕಿದಾಗ ಸಂಬಂಧಿಕರ ಮದುವೆಗೆಂದು ಐದು ದಿನ ಬೀದರಿಗೆ ಹೋಗಿದ್ದೆವು. ಕಂಬಗಳಿಗೆ ಸುತ್ತಿದ್ದ ಗೋಣಿಚೀಲಗಳಿಗೆ ದಿನಕ್ಕೆ ಮೂರು ಸಲ ನೀರು ಹಾಕಲು ಹೇಳಿಟ್ಟಿದ್ದ ಹುಡುಗ ಒಂದೇ ಸಲ ಹಾಕಿದ್ದ. ಆತನಿಗೆ ಕಾರಣವನ್ನು ತಿಳಿಸಿ ಹೇಳದೆ ಬರೀ ಕೆಲಸ ಹೇಳಿ ಹೋದದ್ದು ನನ್ನದೇ ತಪ್ಪು. ಮರಳಿ ಬಂದು ನೋಡಿದರೆ ದಕ್ಷಿಣಕ್ಕೆ ಮುಖವಾದ ಎರಡು ಕಂಬಗಳ ಮೈ ಉಗುರಿನಿಂದ ಗೀರಿದರೆ ಪುಡಿ ಬಿಡುತ್ತಿತ್ತು. ಇಂಜಿನಿಯರ್ ರಿಬೌಂಡ್ ಸುತ್ತಿಗೆಯಿಂದ (ಬಡಿದು ಕಾಂಕ್ರೀಟಿನ ಗಟ್ಟಿತನ ಅಳೆಯುವ ಉಪಕರಣ) ಪರೀಕ್ಷಿಸಿ, ಒಳಗಿನ ಬಲಕ್ಕೆ ಧಕ್ಕೆಯಿಲ್ಲ, ಹೊರ ಪದರ ಮಾತ್ರ ಸೊರಗಿದೆ ಎಂದರು. ಆದರೆ ಕಬ್ಬಿಣವನ್ನು ಗಾಳಿಯಿಂದ ಕಾಯುವುದು ಆ ಹೊರ ಪದರವೇ. ಬೂದಿ ತನ್ನ ಕ್ರಿಯೆಗೆ ಸುಣ್ಣವನ್ನು ಬಳಸಿಕೊಳ್ಳುವುದರಿಂದ, ಸರಿಯಾಗಿ ನೀರುಣ್ಣದ ಬೂದಿ ಕಾಂಕ್ರೀಟಿಗೆ ಗಾಳಿಯ ಇಂಗಾಲದ ಡೈಆಕ್ಸೈಡು ಬೇಗ ಇಳಿಯುತ್ತದೆ, ಕಬ್ಬಿಣಕ್ಕಿರುವ ಕ್ಷಾರದ ರಕ್ಷಣೆ ತಗ್ಗುತ್ತದೆ. ನೀರುಂಡ ಕಾಂಕ್ರೀಟಿನಲ್ಲಿ ಬಿಗುವು ಆ ಕೊರತೆಯನ್ನು ತುಂಬಿಕೊಡುತ್ತದೆ. ಸೊರಗಿದ್ದರಲ್ಲಿ ಆ ಎರಡೂ ಇಲ್ಲ. ಆ ಎರಡು ಕಂಬಗಳಿಗೆ ಗಿಲಾವನ್ನು ವಿಶೇಷ ಎಚ್ಚರದಿಂದ ಮಾಡಿಸಿ ಹೆಚ್ಚು ದಿನ ನೀರುಣಿಸಿದೆವು.

ಘನಗಳ ಪರೀಕ್ಷೆಯ ಫಲಿತಾಂಶ ಹೀಗಿದೆ. ಸ್ಲ್ಯಾಬಿನ ದಿನ 150 ಮಿ.ಮೀ. ಅಚ್ಚುಗಳಲ್ಲಿ ಘನಗಳನ್ನು ಹಾಕಿ, ನೀರಿನ ತೊಟ್ಟಿಯಲ್ಲಿಟ್ಟು, ಮೂರು ಹಂತಗಳಲ್ಲಿ ಒಡೆಸಿದೆವು. ಏಳನೆಯ ದಿನದ ಸರಾಸರಿ ಚದರ ಮಿಲಿಮೀಟರಿಗೆ 15.8 ನ್ಯೂಟನ್. ಒಪಿಸಿ ಕಾಂಕ್ರೀಟಿನಲ್ಲಿ ಈ ಹೊತ್ತಿಗೆ ದರ್ಜೆಯ ಮೂರನೆಯ ಎರಡು ಭಾಗ, ಅಂದರೆ 16 ರಿಂದ 17 ಬರಬೇಕೆಂದು ಗುತ್ತಿಗೆದಾರರು ಮುಖ ಚಿಕ್ಕದು ಮಾಡಿಕೊಂಡರು. ಇಪ್ಪತ್ತೆಂಟನೆಯ ದಿನ 28.9 ಬಂದಿತು, ಎಂ 25ಕ್ಕೆ ಸಾಕು. ನಾನು ಹಠ ಹಿಡಿದು ಮೂರು ಘನಗಳನ್ನು ಐವತ್ತಾರನೆಯ ದಿನಕ್ಕೆಂದು ಉಳಿಸಿದ್ದೆ. ಅವುಗಳ ಸರಾಸರಿ 34. ಪರೀಕ್ಷಾಲಯದ ಕಾಗದವನ್ನು ಕೈಯಲ್ಲಿ ಹಿಡಿದಾಗ, ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದ ಸಮೀಕರಣವೊಂದು ನಮ್ಮ ತಲೆಯ ಮೇಲಿನ ಸೂರಾಗಿ ನಿಂತದ್ದನ್ನು ಕಂಡು ಆದ ಸಂತೋಷವನ್ನು ಹೇಳಲಾರೆ.

ಮೊದಲ ವಾರದ ಬಲ ಕಡಿಮೆ ಎಂಬುದಕ್ಕೆ ಒಂದು ನೇರ ಪರಿಣಾಮವಿದೆ: ಸೆಂಟ್ರಿಂಗ್ ಬೇಗ ಬಿಚ್ಚಬಾರದು. ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿಗೆ ಏಳು ದಿನ, ಅದಕ್ಕಿಂತ ಉದ್ದದ್ದಕ್ಕೆ ಹದಿನಾಲ್ಕು ದಿನ ಆಸರೆಗಳಿರಬೇಕೆಂದು ಮಾನಕ ಹೇಳುವುದು ಒಪಿಸಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ನಾವು ಇಪ್ಪತ್ತೊಂದು ದಿನ ಬಿಟ್ಟೆವು. ಹಲಗೆ, ಜಾಕ್‌ಗಳ ಹೆಚ್ಚುವರಿ ಬಾಡಿಗೆಯನ್ನು ನಾವೇ ಕೊಡಬೇಕಾಯಿತು, ಗುತ್ತಿಗೆದಾರರೊಂದಿಗೆ ಇದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಜಗಳ ಖಚಿತ. ಘಟಕದ ದರಪಟ್ಟಿಯಲ್ಲಿ ಬೂದಿಯ ಮಿಶ್ರಣ ಘನಮೀಟರಿಗೆ ಕೆಲವು ನೂರು ರೂಪಾಯಿ ಅಗ್ಗವಿತ್ತು; ಬಾಡಿಗೆ, ನೀರು, ಹಾಳೆ ಎಲ್ಲ ಸೇರಿ ಆ ಉಳಿತಾಯ ಬಹುತೇಕ ಕರಗಿತು. ಹಣ ಉಳಿಸಲೆಂದೇ ಇದನ್ನು ಆರಿಸುವವರಿಗೆ ನಿರಾಸೆಯಾಗಬಹುದು.

ಕೊಳ್ಳುವವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಪಿಪಿಸಿ ಚೀಲದೊಳಗೆ ಕಾರ್ಖಾನೆಯಲ್ಲೇ 15ರಿಂದ 35 ಪ್ರತಿಶತದವರೆಗೆ ಹಾರುಬೂದಿ ಅರೆದು ಸೇರಿಸಿರುತ್ತಾರೆ. ನಾವು ತಂದ ಚೀಲಗಳ ಮೇಲೆ ಪ್ರಮಾಣವೂ ತಯಾರಿಕೆಯ ವಾರವೂ ಮುದ್ರಿತವಾಗಿದ್ದವು. ಅದಕ್ಕೆ ಮತ್ತೆ ಹೊರಗಿನಿಂದ ಬೂದಿ ಬೆರೆಸಬಾರದು. ನಮ್ಮ ಬಡಾವಣೆಯ ಒಂದು ಮನೆಯಲ್ಲಿ ಇಟ್ಟಿಗೆ ಭಟ್ಟಿಗೆಂದು ಬಂದಿದ್ದ ಬೂದಿಯನ್ನು ಪಿಪಿಸಿಯೊಂದಿಗೆ ಸಲಿಕೆಯಿಂದ ಕಲಸಿ ಕಾಂಪೌಂಡಿನ ಕಂಬ ಹಾಕಿದರು. ಹತ್ತು ದಿನವಾದರೂ ಅಂಚುಗಳು ಕೈಗೆ ಉದುರುತ್ತಿದ್ದವು. ಕಾಂಕ್ರೀಟಿನ ಹಾರುಬೂದಿ ಐಎಸ್ 3812ರ ಮೊದಲ ಭಾಗಕ್ಕೆ ಒಪ್ಪಬೇಕು. 45 ಮೈಕ್ರಾನ್ ಜರಡಿಯ ಮೇಲೆ 34 ಪ್ರತಿಶತಕ್ಕಿಂತ ಹೆಚ್ಚು ಉಳಿಯಬಾರದು, ಕಾಯಿಸಿದಾಗ ಕಳೆದುಹೋಗುವ ತೂಕ 5 ಪ್ರತಿಶತ ಮೀರಬಾರದು. ಈ ಎರಡನೆಯ ಅಂಕಿ ಬೂದಿಯಲ್ಲಿ ಉರಿಯದೆ ಉಳಿದ ಕಲ್ಲಿದ್ದಲನ್ನು ತೋರಿಸುತ್ತದೆ. ಅದು ಹೆಚ್ಚಿದ್ದರೆ ಹಾಕಿದ ರಾಸಾಯನಿಕವನ್ನೆಲ್ಲ ಹೀರಿಕೊಳ್ಳುತ್ತದೆ, ಕಾಂಕ್ರೀಟಿನ ಬಣ್ಣವೂ ಕಪ್ಪಿಡುತ್ತದೆ. ಘಟಕದವರು ನನಗೆ ಮೊದಲು ಕೊಟ್ಟ ಪರೀಕ್ಷಾ ವರದಿ ಹಳೆಯದು. ಎರಡು ಬಾರಿ ಕೇಳಿದ ಮೇಲೆ ಆ ತಿಂಗಳ ವರದಿ ಬಂದಿತು. ನಾಚಿಕೆಪಡದೆ ಕೇಳಬೇಕು.

ಒಟ್ಟಿನಲ್ಲಿ ವಸ್ತುವಿಗೆ ಐದರಲ್ಲಿ ನಾಲ್ಕೂವರೆ, ನಮಗೆ ಸಿಕ್ಕ ರೆಡಿಮಿಕ್ಸ್ ಸೇವೆಗೆ ಎರಡೂವರೆ. ವಾರದೊಳಗೆ ಆಸರೆ ಬಿಚ್ಚಲೇಬೇಕಾದವರು, ಕ್ಯೂರಿಂಗ್‌ಗೆ ನೀರಿನ ಏರ್ಪಾಡು ಇಲ್ಲದವರು, ತುರ್ತು ದುರಸ್ತಿ ಮಾಡಿಸುವವರು ಒಪಿಸಿಯನ್ನೇ ಬಳಸುವುದು ಕ್ಷೇಮ. ಉಳಿದವರಿಗೆ, ಅದರಲ್ಲೂ ಬುನಾದಿ, ನೀರಿನ ತೊಟ್ಟಿ, ಸ್ನಾನಗೃಹದ ನೆಲಗಳಿಗೆ, ಇದಕ್ಕಿಂತ ಒಳ್ಳೆಯದನ್ನು ನಾನು ಕಾಣೆ.

ನನಗೆ ಇದನ್ನು ಆರಿಸಲು ಇನ್ನೊಂದು ಕಾರಣವೂ ಇತ್ತು. ಸುಣ್ಣದ ಕಲ್ಲನ್ನು ಸುಟ್ಟು ಮಾಡುವ, ಅರೆದರೆ ಸಿಮೆಂಟಾಗುವ ಕ್ಲಿಂಕರ್ ಒಂದು ಟನ್ ತಯಾರಾಗುವಾಗ 0.8 ಟನ್‌ಗೂ ಮೀರಿ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, 1450 ಡಿಗ್ರಿಯ ಗೂಡಿಗೆ ಉರುವಲು ಸುಡುವುದರಿಂದಲ್ಲ, ಸುಣ್ಣದ ಕಲ್ಲು ಒಡೆಯುವುದರಿಂದಲೇ ಬರುತ್ತದೆ. ಹಾಗಾಗಿ ಉರುವಲು ಬದಲಾಯಿಸಿದರೂ ಅದು ತಪ್ಪುವುದಿಲ್ಲ, ಕ್ಲಿಂಕರ್ ಕಡಿಮೆ ಮಾಡಿದರೆ ಮಾತ್ರ ತಪ್ಪುತ್ತದೆ. ನಮ್ಮ ಸ್ಲ್ಯಾಬೊಂದರಲ್ಲೇ 26 ಚೀಲ ಸಿಮೆಂಟು ಉಳಿಯಿತು, ಅಂದರೆ ಒಂದು ಟನ್ನಿನಷ್ಟು ಆ ಅನಿಲ. ಸೇಡಂ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಗಣಿಗಳನ್ನೂ ಅವುಗಳ ಅಂಚಿಗೆ ಬಂದು ನಿಂತ ತೊಗರಿ ಹೊಲಗಳನ್ನೂ ವರ್ಷಗಟ್ಟಲೆ ನೋಡುತ್ತ ಓಡಾಡಿದವಳಿಗೆ ಆ 26 ಚೀಲಗಳು ಸಣ್ಣ ಸಂಖ್ಯೆಯಾಗಿ ಕಾಣುವುದಿಲ್ಲ.

ಸೆಪ್ಟೆಂಬರಿನಲ್ಲಿ ಎಡೆಬಿಡದೆ ಮಳೆ ಸುರಿದ ವಾರ ಪ್ರತಿದಿನ ಬೆಳಿಗ್ಗೆ ಟಾರ್ಚ್ ಹಿಡಿದು ಛಾವಣಿಯ ಅಡಿಮುಖವನ್ನು ನೋಡಿದೆ. ಮೇಲೆ ಇನ್ನೂ ಯಾವ ಜಲನಿರೋಧಕ ಪದರವನ್ನೂ ಹಾಕಿಸಿರಲಿಲ್ಲ. ಪ್ಲಂಬರ್ ಆಮೇಲೆ ಕೊರೆದ ಪೈಪಿನ ಸುತ್ತ ಒಂದಂಗುಲ ಒದ್ದೆ ಬಿಟ್ಟರೆ ಬೇರೆಲ್ಲೂ ತೇವ ಇಳಿದಿರಲಿಲ್ಲ. ಮೇಲಿನ ಮಹಡಿಯ ಸ್ಲ್ಯಾಬನ್ನು ನವೆಂಬರ್ ಕೊನೆಗೆ, ಬೇರೊಂದು ಘಟಕದಿಂದ, ಇದೇ ಮಿಶ್ರಣದಲ್ಲಿ ಹಾಕಿಸುತ್ತಿದ್ದೇವೆ. ತುಂಬಿಸಿದ ಸಮಯ ಮತ್ತು ಬೂದಿಯ ತೂಕ ಪ್ರತಿ ಲಾರಿಯ ಚೀಟಿಯಲ್ಲಿ ಇರಬೇಕೆಂದು ಈ ಸಲ ಒಪ್ಪಂದದಲ್ಲೇ ಬರೆಸಿದ್ದೇನೆ, ಗೋಣಿತಟ್ಟು ಮತ್ತು ಹಾಳೆಗಳನ್ನು ಒಗೆದು ಒಣಗಿಸಿ ಮೆಟ್ಟಿಲ ಕೆಳಗೆ ಇಟ್ಟಾಗಿದೆ.